ಪಾಲು ಬೇಡ, ಕೂಲಿ ಕೊಡಿ

ಹೋದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಹದಿನಾಲ್ಕು ಪುಟದ ಪಿಡಿಎಫ್ ಕಳಿಸಿದ. 'ಸರ್, ಟೈಮ್ ಇದ್ರೆ ಒಂದ್ಸಲ ನೋಡಿ' ಅಂತ ಕೆಳಗೆ ಬರೆದಿದ್ದ. ವಾರದಲ್ಲಿ ಐದು ದಿನ ಅವನು ನನ್ನ ಜೊತೆ ಟೆಸ್ಟಿಂಗ್ ಮಾಡ್ತಾನೆ, ಶನಿವಾರ ಭಾನುವಾರ ಡ್ರಮ್ಸ್ ಬಾರಿಸ್ತಾನೆ. ನಾಲ್ಕು ಜನರ ಬ್ಯಾಂಡು. ತತ್ವಪದಗಳನ್ನ ರಾಕ್ ಧಾಟಿಗೆ ಹಾಕ್ಕೊಂಡು ಹಾಡ್ತಾರೆ, ಸ್ವಂತದ್ದೂ ಒಂದೈದಾರು ಹಾಡುಗಳಿವೆ. ಯಾವುದೋ ಕಂಪನಿಯವರು ಕೇಳಿ ಮೆಚ್ಚಿಕೊಂಡು ಅಗ್ರಿಮೆಂಟು ಕಳಿಸಿದ್ದರು. ಮುಂಗಡ ಕೊಡ್ತಾರಂತೆ, ವಿಡಿಯೋ ಮಾಡಿಸ್ತಾರಂತೆ, ಆಮೇಲೆ ಬಂದಿದ್ದರಲ್ಲಿ ಪಾಲಂತೆ. ಹುಡುಗ ಆಗಲೇ ಕೆಲಸ ಬಿಡೋ ಯೋಚನೆಯಲ್ಲಿದ್ದ.

ನಾನು ವಕೀಲನಲ್ಲ. ಬಿಇ ಮಾಡಿದವನು, ನನಗೆ ಗೊತ್ತಿರೋದು ಎಕ್ಸೆಲ್ ಶೀಟು. ಆದರೆ ಆ ಪುಟಗಳನ್ನ ಓದ್ತಾ ಓದ್ತಾ, ಇದನ್ನ ಎಲ್ಲೋ ಮೊದಲೇ ಓದಿದೀನಲ್ಲ ಅನ್ನಿಸೋಕೆ ಶುರುವಾಯ್ತು. ಓದಿದ್ದೆ. 1993ರಲ್ಲಿ ಅಮೆರಿಕದ 'ದಿ ಬ್ಯಾಫ್ಲರ್' ಅನ್ನೋ ಪತ್ರಿಕೆಯಲ್ಲಿ ಸ್ಟೀವ್ ಆಲ್ಬಿನಿ ಬರೆದ 'ದಿ ಪ್ರಾಬ್ಲಮ್ ವಿತ್ ಮ್ಯೂಸಿಕ್' ಅನ್ನುವ ಲೇಖನ. ರಾಕ್ ಸಂಗೀತದ ಬಗ್ಗೆ ನಾನು ಓದಿದ ಬರಹಗಳಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ. ಅದರಲ್ಲಿ ಸಂಗೀತದ ಬಗ್ಗೆ ಇರೋದು ಕಡಿಮೆ, ಇರೋದೆಲ್ಲ ಕೂಡು ಕಳೆ.

ಆಲ್ಬಿನಿ ಯಾರು ಅಂತ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಮೊಂಟಾನಾ ರಾಜ್ಯದ ಮಿಸೂಲಾ ಅನ್ನೋ ಊರಲ್ಲಿ. ಪತ್ರಿಕೋದ್ಯಮ ಓದಲಿಕ್ಕೆ ಶಿಕಾಗೋ ಕಡೆ ಬಂದವನು ಅಲ್ಲೇ ಉಳಿದ. ಎಂಬತ್ತರ ದಶಕದಲ್ಲಿ ಬಿಗ್ ಬ್ಲ್ಯಾಕ್ ಅನ್ನೋ ಬ್ಯಾಂಡು ಕಟ್ಟಿದ. ಅದರಲ್ಲಿ ಡ್ರಮ್ಸ್ ಬಾರಿಸೋಕೆ ಮನುಷ್ಯನ ಬದಲು ಒಂದು ಯಂತ್ರ ಇತ್ತು. ಹೊಟ್ಟೆಪಾಡಿಗೆ ಹಗಲು ಫೋಟೋ ತಿದ್ದುವ ಕೆಲಸ ಮಾಡ್ತಿದ್ದ. ಆಮೇಲೆ ಶೆಲ್ಯಾಕ್ ಅನ್ನೋ ಮೂರು ಜನರ ಬ್ಯಾಂಡು. ಆದರೆ ಲೋಕಕ್ಕೆ ಆತ ಹೆಚ್ಚು ಗೊತ್ತಿರೋದು ಬೇರೆಯವರ ಹಾಡುಗಳನ್ನ ರೆಕಾರ್ಡ್ ಮಾಡಿದವನಾಗಿ. ಪಿಕ್ಸೀಸ್, ಪಿ.ಜೆ. ಹಾರ್ವೆ, ನಿರ್ವಾಣ ಸೇರಿ ಸಾವಿರಕ್ಕೂ ಹೆಚ್ಚು ಆಲ್ಬಮ್ಮುಗಳು ಆತನ ಕೈಯಲ್ಲಿ ಹಾದುಹೋಗಿವೆ. 'ಪ್ರೊಡ್ಯೂಸರ್' ಅಂತ ಕರೆದರೆ ಆತನಿಗೆ ಆಗ್ತಿರಲಿಲ್ಲ. ನಾನು ಎಂಜಿನಿಯರ್, ರೆಕಾರ್ಡ್ ಮಾಡಿದವನು, ಅಷ್ಟೇ ಅನ್ನೋನು.

ಈಗ ಆ ಲೇಖನದ ಲೆಕ್ಕಕ್ಕೆ ಬರೋಣ. ಒಂದು ಬ್ಯಾಂಡು ಅಂತ ಇಟ್ಟುಕೊಳ್ಳಿ ಅಂತ ಶುರುಮಾಡ್ತಾನೆ. ದೊಡ್ಡ ಕಂಪನಿ ಅವರಿಗೆ 2,50,000 ಡಾಲರ್ ಮುಂಗಡ ಕೊಡುತ್ತೆ. ಕೇಳಿದರೆ ತಲೆ ತಿರುಗುವ ದುಡ್ಡು. ಅದರಲ್ಲಿ ಮ್ಯಾನೇಜರಿಗೆ 37,500, ವಕೀಲರಿಗೆ 10,000, ರೆಕಾರ್ಡಿಂಗಿಗೆ 1,50,000, ವಿಡಿಯೋಗೆ 30,000, ಹೀಗೆ ಒಂದೊಂದೇ ಸಾಲು ಕಳೀತಾ ಹೋಗ್ತಾನೆ. ಆಲ್ಬಮ್ಮು ಎರಡೂವರೆ ಲಕ್ಷ ಪ್ರತಿ ಮಾರಾಟ ಆಯ್ತು ಅಂದುಕೊಳ್ಳಿ, ಪ್ರತಿಗೆ 12 ಡಾಲರಿನಂತೆ ಒಟ್ಟು 30 ಲಕ್ಷ ಡಾಲರ್. ಬ್ಯಾಂಡಿಗೆ ರಾಯಲ್ಟಿ ಶೇಕಡಾ 13, ಅದೂ ಬೆಲೆಯ ಶೇಕಡಾ 90ರ ಮೇಲೆ. ಅಂದರೆ 3,51,000. ಆ 3,51,000ದಲ್ಲಿ ಮೊದಲು ಕೊಟ್ಟ ಮುಂಗಡ ಪೂರ್ತಿ ಮುರ್ಕೋತಾರೆ. ಪ್ರೊಡ್ಯೂಸರಿನ ಬಾಕಿ ಪಾಲು 40,000 ಹೋಗುತ್ತೆ, ಪ್ರಚಾರದ ಖರ್ಚು 25,000 ಹೋಗುತ್ತೆ, ಹಳೇ ಕಂಪನಿಯಿಂದ ಬಿಡಿಸಿಕೊಂಡು ಬಂದದ್ದಕ್ಕೆ 50,000 ಹೋಗುತ್ತೆ. ಕಡೆಗೆ ಉಳಿಯೋದು ಮೈನಸ್ 14,000. ಕಂಪನಿಗೆ 7,10,000 ಡಾಲರ್ ಬಂತು. ಬ್ಯಾಂಡಿನ ಒಬ್ಬೊಬ್ಬರ ಕೈಗೆ ಎಲ್ಲಾ ಸೇರಿ ಬಂದದ್ದು 4,031 ಡಾಲರ್ 25 ಸೆಂಟು.

ಆ 25 ಸೆಂಟು ನೋಡಿ. ಸುಮಾರು ನಾಲ್ಕು ಸಾವಿರ ಅಂತ ಬರೆದುಬಿಡಬಹುದಿತ್ತು, ಬರೀಲಿಲ್ಲ. ಬೈಗುಳ ಬೇಕಾದಷ್ಟಿವೆ ಆ ಲೇಖನದಲ್ಲಿ, ಆದರೆ ಬೈಗುಳಕ್ಕಿಂತ ಆ ಚಿಲ್ಲರೆಯೇ ಹೆಚ್ಚು ಚುಚ್ಚುತ್ತೆ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತೆ. ಸಾಹುಕಾರ ಬೀಜ ಗೊಬ್ಬರಕ್ಕೆ ಸಾಲ ಕೊಟ್ಟ ಅಂತ ಇಟ್ಕೊಳ್ಳಿ. ಬೆಳೆ ನೂರು ಮೂಟೆ ಬಂತು. ಎಂಬತ್ತೇಳು ಮೂಟೆ ಅವನಿಗೆ, ಹದಿಮೂರು ನಿಮಗೆ. ಸರಿ, ಸಾಲ? ಅದನ್ನ ಯಾವ ಮೂಟೆಯಿಂದ ಮುರ್ಕೋತಾನೆ? ನಿಮ್ಮ ಹದಿಮೂರರಿಂದ. ಅವನ ಎಂಬತ್ತೇಳು ಅಲುಗಾಡಲ್ಲ. ಸಾಲದಲ್ಲಿ ಕೊಂಡದ್ದು ಬೀಜ ಗೊಬ್ಬರ, ಅದರಿಂದ ಬೆಳೆದದ್ದು ನೂರು ಮೂಟೆ, ಸಾಲ ತೀರಿಸೋದು ಮಾತ್ರ ನಿಮ್ಮ ಹದಿಮೂರು. ಇಷ್ಟೆಲ್ಲ ಆದಮೇಲೆ ಹೊಲ ಯಾರದ್ದು? ಹೊಲ, ಅಂದರೆ ಆ ರೆಕಾರ್ಡಿಂಗು, ಅವನದ್ದೇ. ಆಲ್ಬಿನಿ ಬಿಡಿಸಿ ತೋರಿಸಿದ್ದು ಇದನ್ನೇ. ಕಂಪನಿಯವನು ಕೆಟ್ಟವನಾಗಿದ್ದರೆ ಮಾತ್ರ ಹೀಗಾಗುತ್ತೆ ಅಂತಲ್ಲ. ಎಲ್ಲರೂ ಅಗ್ರಿಮೆಂಟಿನ ಪ್ರಕಾರವೇ ನಡಕೊಂಡರೂ ಹೀಗೇ ಆಗುತ್ತೆ.

ಇಷ್ಟು ಬರೆದವನು ತನ್ನ ವಿಷಯದಲ್ಲಿ ಏನು ಮಾಡಿದ ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೂ ದಾಖಲೆ ಇದೆ. ನಿರ್ವಾಣದ ಹಿಂದಿನ ಆಲ್ಬಮ್ಮು ಜಗತ್ತನ್ನೇ ಅಲ್ಲಾಡಿಸಿತ್ತು. ಮುಂದಿನದಕ್ಕೆ ಅವರು ಆಲ್ಬಿನಿಯನ್ನ ಕೇಳಿದರು. ಆತ ಅವರಿಗೆ ನಾಲ್ಕು ಪುಟದ ಕಾಗದ ಬರೆದ. ಅದರ ಸಾರಾಂಶ ಇಷ್ಟು: ಹಾಡು ನಿಮ್ಮದು, ಬರೆದವರು ನೀವು, ಕೊಳ್ಳೋರು ನಿಮಗೋಸ್ಕರ ಕೊಳ್ತಾರೆ. ಪ್ರೊಡ್ಯೂಸರಿಗೆ ರಾಯಲ್ಟಿ ಕೊಡುವ ಪದ್ಧತಿಯೇ ತಪ್ಪು. 30 ಲಕ್ಷ ಪ್ರತಿ ಮಾರಾಟವಾದರೆ ನನ್ನ ಪಾಲಿಗೆ ನಾಲ್ಕು ಲಕ್ಷ ಡಾಲರ್ ಆಸುಪಾಸು ಬರುತ್ತೆ, ಅಷ್ಟು ತಗೊಂಡರೆ ನನಗೆ ನಿದ್ದೆ ಬರಲ್ಲ. ಪ್ಲಂಬರಿಗೆ ಕೊಡೋ ಹಾಗೆ ಕೊಡಿ, ಕೆಲಸ ಮಾಡ್ತೀನಿ, ಅದರ ಬೆಲೆ ಕೊಟ್ಟು ಮುಗಿಸಿ.

ಕಡೆಗೆ ಒಂದು ಲಕ್ಷ ಡಾಲರ್ ತಗೊಂಡ. ರಾಯಲ್ಟಿ ಸೊನ್ನೆ. 1993ರ ಫೆಬ್ರವರಿಯಲ್ಲಿ ಮಿನೆಸೋಟಾದ ಒಂದು ಸ್ಟುಡಿಯೋದಲ್ಲಿ ಎರಡು ವಾರದಲ್ಲಿ ಕೆಲಸ ಮುಗೀತು. ಸೆಪ್ಟೆಂಬರಿನಲ್ಲಿ ಬಂದ 'ಇನ್ ಯೂಟೆರೊ' ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ವಾರವೇ ಒಂದನೇ ಸ್ಥಾನಕ್ಕೆ ಹೋಯ್ತು. ಆಮೇಲೆ ಲಕ್ಷಗಟ್ಟಲೆ ಮಾರಾಟವಾದದ್ದರಲ್ಲಿ ಆಲ್ಬಿನಿಗೆ ಒಂದು ಸೆಂಟೂ ಬರಲಿಲ್ಲ.

ಈ ಕಾಗದ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮ ಚಿಕ್ಕಪ್ಪ. ತಿಪಟೂರು ಕಡೆಯ ನಮ್ಮೂರಲ್ಲಿ ಅವರದ್ದೊಂದು ಮೋಟಾರು ವೈಂಡಿಂಗ್ ಅಂಗಡಿ. ಬೇಸಿಗೆ ಬಂದರೆ ಸಾಕು, ವೋಲ್ಟೇಜು ಹೆಚ್ಚುಕಡಿಮೆ ಆಗಿ ಸುಟ್ಟ ಮೋಟಾರುಗಳು ಅಂಗಡಿ ಮುಂದೆ ಸಾಲಾಗಿ ಕೂತಿರ್ತವೆ. ನಾನು ಹೈಸ್ಕೂಲಿನಲ್ಲಿದ್ದಾಗ ರಜದಲ್ಲಿ ಅಲ್ಲೇ ಕೂತಿರ್ತಿದ್ದೆ. ಒಂದು ದಿನ ಪಕ್ಕದೂರಿನವರೊಬ್ಬರು ಮೋಟಾರು ತಂದರು. ಕೈಯಲ್ಲಿ ಕಾಸಿರಲಿಲ್ಲ.

'ಕೊಬ್ರಿ ಮಾರಿದ್ ಮೇಲೆ ಅದ್ರಾಗೆ ನಿಂಗೂ ಒಂದು ಪಾಲು ಮಡಗ್ತೀನಿ ಕಣಯ್ಯ' ಅಂದರು.

ಚಿಕ್ಕಪ್ಪ ತಾಮ್ರದ ತಂತಿ ಸುತ್ತೋದು ನಿಲ್ಲಿಸಲಿಲ್ಲ. 'ಪಾಲು ಬ್ಯಾಡ ಗೌಡ್ರೆ, ಕೂಲಿ ಕೊಡಿ. ಈಗಿಲ್ದಿದ್ರೆ ಆಮ್ಯಾಕೆ ಕೊಡಿ. ಪಾಲು ತಗಂಡ್ರೆ ದಿನಾ ನಿಮ್ ತೋಟದ ಮ್ಯಾಲೆ ನನ್ ಕಣ್ಣಿರ್ತದೆ' ಅಂದರು.

ಆಗ ನನಗೆ ಚಿಕ್ಕಪ್ಪ ದಡ್ಡ ಅನ್ನಿಸಿತ್ತು. ಆ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಬಂದಾಗ ಇನ್ನೂ ದಡ್ಡ ಅನ್ನಿಸಿದ್ದರು. ನಾನು ಬುದ್ಧಿವಂತ ನೋಡಿ, ದೊಡ್ಡವನಾದ ಮೇಲೆ ಪಾಲು ತಗೊಂಡೆ. ಮೂರು ವರ್ಷ ಒಂದು ಸಣ್ಣ ಕಂಪನಿಯಲ್ಲಿ ಕಡಿಮೆ ಸಂಬಳಕ್ಕೆ ದುಡಿದೆ, ಉಳಿದದ್ದನ್ನ ಶೇರಿನ ರೂಪದಲ್ಲಿ ಕೊಡ್ತೀವಿ ಅಂದಿದ್ದರು. ಆ ಶೇರುಗಳ ಕಾಗದ ಇವತ್ತಿಗೂ ನನ್ನ ಇಮೇಲಿನಲ್ಲಿದೆ. ಬೆಲೆ ಕೇಳಬೇಡಿ. ದುಡ್ಡು ಹೋದದ್ದಕ್ಕಿಂತ ನನಗೆ ನೆನಪಿರೋದು ಆ ಮೂರು ವರ್ಷ ನಾನು ಬರೆದ ಕೋಡ್ ಹೇಗಿತ್ತು ಅನ್ನೋದು. ಒಳ್ಳೇದಾಗಿ ಬರೆಯೋದಕ್ಕಿಂತ ತೋರಿಸೋಕೆ ಚೆನ್ನಾಗಿರೋ ಹಾಗೆ ಬರೀತಿದ್ದೆ. ಕಂಪನಿಯ ಬೆಲೆ ಏರಿದರೆ ನನ್ನದೂ ಏರುತ್ತಲ್ಲ. ಚಿಕ್ಕಪ್ಪ ಹೇಳಿದ್ದ 'ಕಣ್ಣು' ಅದು.

ಆಲ್ಬಿನಿಯ ಕೂಲಿ ಲೆಕ್ಕಕ್ಕೂ ಆತನ ರೆಕಾರ್ಡಿಂಗಿನ ಸದ್ದಿಗೂ ಇಲ್ಲೇ ಸಂಬಂಧ ಇದೆ ಅಂತ ನನ್ನ ವಾದ. ಪಾಲುದಾರ ಆದವನು ಹಾಡು ಓಡಬೇಕು ಅಂತ ನೋಡ್ತಾನೆ. ರೇಡಿಯೋದಲ್ಲಿ ಚೆನ್ನಾಗಿ ಕೇಳಿಸಲಿ ಅಂತ ಹಾಡುವವನ ದನಿ ಮುಂದೆ ತರ್ತಾನೆ, ತಪ್ಪನ್ನ ಒರೆಸ್ತಾನೆ. ಕೂಲಿ ತಗೊಂಡವನಿಗೆ ಆ ಚಿಂತೆ ಇಲ್ಲ. ಬ್ಯಾಂಡು ಆ ರೂಮಿನಲ್ಲಿ ಹೇಗೆ ಕೇಳ್ತಿತ್ತೋ ಹಾಗೆ ಹಿಡಿದುಕೊಟ್ಟರೆ ಆತನ ಕೆಲಸ ಮುಗೀತು.

ಪಿಕ್ಸೀಸ್ ಬ್ಯಾಂಡಿನ 'ಸರ್ಫರ್ ರೋಸಾ' ಕೇಳಿ, 1988ರದ್ದು. ಅದಕ್ಕೆ ಆತ ತಗೊಂಡದ್ದು 1,500 ಡಾಲರ್. ಸ್ಟುಡಿಯೋದ ಸದ್ದು ಹಿಡಿಸಲಿಲ್ಲ ಅಂತ ಬಚ್ಚಲುಮನೆಯಲ್ಲಿ ದನಿ ರೆಕಾರ್ಡ್ ಮಾಡಿಸಿದ. ಹಾಡುಗಳ ನಡುವೆ ಅವರು ಹರಟಿದ್ದೂ ಹಾಗೇ ಉಳಿದಿದೆ. ಪಿ.ಜೆ. ಹಾರ್ವೆಯ 'ರಿಡ್ ಆಫ್ ಮಿ' ಆಲ್ಬಮ್ಮಿನ ಮೊದಲ ಹಾಡು ಎಷ್ಟು ಮೆಲ್ಲಗೆ ಶುರುವಾಗುತ್ತೆ ಅಂದರೆ ಎಲ್ಲರೂ ವಾಲ್ಯೂಮ್ ಏರಿಸ್ತಾರೆ. ಆಮೇಲೆ ಒಮ್ಮೆಲೇ ಸಿಡಿದಾಗ ಕಿವಿ ಹಿಡ್ಕೋತಾರೆ. 'ಇನ್ ಯೂಟೆರೊ'ದ ಎರಡನೇ ಹಾಡಿನ ಶುರುವಿನಲ್ಲಿ ಡೇವ್ ಗ್ರೋಲ್ ಬಾರಿಸುವ ಡ್ರಮ್ಸ್ ಕೇಳಿ. ಹಾಸ್ಟೆಲಿನಲ್ಲಿ ರೂಮ್‌ಮೇಟಿನ ಕಂಪ್ಯೂಟರಿನಲ್ಲಿ ಮೊದಲ ಸಲ ಅದನ್ನ ಕೇಳಿದಾಗ ನನಗೆ ಹಾಡಿನ ಇಂಗ್ಲಿಷು ಒಂದಕ್ಷರ ತಿಳಿದಿರಲಿಲ್ಲ. ಆದರೆ ಆ ಏಟು ಗೊತ್ತಿತ್ತು. ಊರಹಬ್ಬದಲ್ಲಿ ತಮಟೆಯವರ ಎದುರಿಗೆ ನಿಂತರೆ ಕಿವಿಗಿಂತ ಮೊದಲು ಎದೆಗೆ ಬೀಳುತ್ತಲ್ಲ, ಅದು. ತೊಗಲಿನ ಸದ್ದಿನ ಜೊತೆಗೆ ಆ ಜಾಗದ ಸದ್ದೂ ಇರುತ್ತೆ. ಆಲ್ಬಿನಿ ಡ್ರಮ್ಸಿನಿಂದ ದೂರದಲ್ಲೂ ಮೈಕು ಇಡ್ತಿದ್ದದ್ದು ಆ ಜಾಗದ ಸದ್ದಿಗೇ ಅಂತ ಆಮೇಲೆ ಓದಿದೆ.

ನಿರ್ವಾಣದ ಕಂಪನಿಗೆ ಈ ಸದ್ದು ಹಿಡಿಸಲಿಲ್ಲ. ಇದು ಮಾರಾಟ ಆಗಲ್ಲ ಅನ್ನೋ ಗುಸುಗುಸು ಪತ್ರಿಕೆಗಳ ತನಕ ಹೋಯ್ತು. ಬ್ಯಾಂಡಿನವರಿಗೂ ಅನುಮಾನ ಬಂತು. ಕಡೆಗೆ ಎರಡು ಹಾಡುಗಳನ್ನ ಸ್ಕಾಟ್ ಲಿಟ್ ಅನ್ನೋವರಿಂದ ಮತ್ತೆ ಮಿಕ್ಸ್ ಮಾಡಿಸಿದರು. ಆಲ್ಬಿನಿಯ ಅಭಿಮಾನಿಗಳು ಇದನ್ನ ದ್ರೋಹ ಅಂತಾರೆ. ನನಗೆ ಹಾಗನ್ನಿಸಲ್ಲ. ಹಾಡು ನಿಮ್ಮದು ಅಂತ ಕಾಗದ ಬರೆದ ಮೇಲೆ, ಅವರು ತಮ್ಮ ಹಾಡನ್ನ ಏನು ಬೇಕಾದರೂ ಮಾಡಿಕೊಳ್ಳಬಹುದು. ಮೋಟಾರು ಎತ್ತಿಕೊಂಡು ಹೋದ ರೈತ ಯಾವ ಬಾವಿಗಾದರೂ ಇಳಿಸಲಿ.

1997ರಲ್ಲಿ ಆಲ್ಬಿನಿ ಶಿಕಾಗೋದಲ್ಲಿ ಎಲೆಕ್ಟ್ರಿಕಲ್ ಆಡಿಯೋ ಅನ್ನೋ ತನ್ನದೇ ಸ್ಟುಡಿಯೋ ತೆರೆದ. ಅದರ ಗೋಡೆಗಳಿಗೆ ನ್ಯೂ ಮೆಕ್ಸಿಕೋದಿಂದ ಹಸಿ ಮಣ್ಣಿಟ್ಟಿಗೆ ತರಿಸಿದ. ಸುಡದ ಇಟ್ಟಿಗೆ, ನಮ್ಮ ಅಜ್ಜಿ ಮನೆಯದ್ದಿತ್ತಲ್ಲ, ಅಂಥದ್ದು. ಆ ಮನೆಯೊಳಗೆ ಮಾತಾಡಿದರೆ ದನಿ ದಪ್ಪಗಿರ್ತಿತ್ತು, ಟಣ್ ಅಂತ ವಾಪಸ್ ಹೊಡೀತಿರಲಿಲ್ಲ. ಸ್ಟುಡಿಯೋದಲ್ಲಿ ಆಲ್ಬಿನಿ, ಕೆಲಸದವರು ಎಲ್ಲ ಗ್ಯಾರೇಜಿನವರ ಹಾಗೆ ಮೈತುಂಬ ಡಾಂಗ್ರಿ ಹಾಕ್ಕೊಂಡಿರೋರು. ದಿನಕ್ಕಿಷ್ಟು ಅಂತ ರೇಟು. ಹೆಸರು ಕೇಳಿರದ ಬ್ಯಾಂಡಿನವರೂ ಫೋನು ಮಾಡಿ ದಿನ ಗೊತ್ತು ಮಾಡ್ಕೋಬಹುದಿತ್ತು.

ಇಲ್ಲಿಗೆ ಕೈಮುಗಿದು ನಿಲ್ಲಿಸಿದರೆ ಇದು ಬರೀ ಹೊಗಳಿಕೆ ಆಗುತ್ತೆ. ನನಗೆ ಆತನ ಜೊತೆ ಮೂರು ತಕರಾರಿವೆ.

ಮೊದಲನೇದು ಬಾಯಿ. ಎಂಬತ್ತರ ದಶಕದಲ್ಲಿ ಆತ ಆಡಿದ್ದು, ಬರೆದದ್ದು ಎಷ್ಟೋ ಕಡೆ ಹೇಸಿಗೆ. ಒಂದು ಬ್ಯಾಂಡಿಗೆ ಅತ್ಯಾಚಾರವನ್ನೇ ತಮಾಷೆ ಮಾಡುವ ಹೆಸರಿಟ್ಟಿದ್ದ. ಯಾರದ್ದೋ ಮನಸ್ಸು ಕೆಡಿಸೋದೇ ಧೈರ್ಯ ಅಂದುಕೊಂಡಿದ್ದ ಕಾಲ. ತಾನೇ ರೆಕಾರ್ಡ್ ಮಾಡಿದ ಪಿಕ್ಸೀಸನ್ನೂ ಹೀಯಾಳಿಸಿ ಬರೆದಿದ್ದ. ಇದಕ್ಕೆಲ್ಲ ಆಮೇಲೆ ಪಶ್ಚಾತ್ತಾಪ ಪಟ್ಟ. 2021ರಲ್ಲಿ ಬಹಿರಂಗವಾಗಿ, ನನಗೇನೂ ಆಗಲ್ಲ ಅನ್ನೋ ಅನುಕೂಲದಲ್ಲಿ ಕೂತು ಹಾಗೆಲ್ಲ ಮಾತಾಡಿದೆ, ಅದಕ್ಕೆ ನಾನೇ ಹೊಣೆ ಅಂತ ಒಪ್ಪಿಕೊಂಡ. 'ಆ ಕಾಲವೇ ಹಾಗಿತ್ತು' ಅನ್ನಲಿಲ್ಲ. ಒಪ್ಪಿಕೊಂಡದ್ದರಿಂದ ಹಳೇದು ಅಳಿಸಿಹೋಗಲ್ಲ. ಆದರೆ ತನ್ನ ಹೆಸರಿನ ಖಾತೆಯಲ್ಲಿ ಖರ್ಚಿನ ಕಡೆಯನ್ನೂ ತಾನೇ ಬರೆದ, ಅಷ್ಟನ್ನ ಒಪ್ಪಬೇಕು.

ಎರಡನೇದು ಇಂಟರ್ನೆಟ್ಟು. 2014ರಲ್ಲಿ ಮೆಲ್ಬರ್ನ್‌ನಲ್ಲಿ ಮಾಡಿದ ಭಾಷಣದಲ್ಲಿ ಆತ, ತಾನು 1993ರಲ್ಲಿ ಬರೆದ ತೊಂದರೆಯನ್ನ ಇಂಟರ್ನೆಟ್ಟು ಬಹುಪಾಲು ಬಗೆಹರಿಸಿದೆ ಅನ್ನೋ ಅರ್ಥದಲ್ಲಿ ಮಾತಾಡಿದ. ಬ್ಯಾಂಡು ನೇರವಾಗಿ ಕೇಳುಗನ ಹತ್ತಿರ ಹೋಗಬಹುದು, ನಡುವಿನವರು ಬೇಡ ಅಂತ. ಅಷ್ಟು ಚೆನ್ನಾಗಿ ಲೆಕ್ಕ ಹಾಕಿದವನು ಇಲ್ಲಿ ಲೆಕ್ಕ ಹಾಕಲೇ ಇಲ್ಲ. ನಡುವಿನವನು ಹೋಗಲಿಲ್ಲ, ಅಂಗಡಿ ಬದಲಾಯಿಸಿದ. 2024ರಿಂದ ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಂಡಿಲ್ಲದಿದ್ದರೆ ಅದರ ರೆಕಾರ್ಡಿಂಗ್ ರಾಯಲ್ಟಿ ಸೊನ್ನೆ. 999 ಸಲ ಕೇಳಿದವರಿಗೆ ಬೆಲೆ ಇಲ್ಲ. ಆ ಡಾಲರಿನ ಕೊನೆಯ 25 ಸೆಂಟನ್ನೂ ಬರೆದಿಟ್ಟ ಮನುಷ್ಯ ಇದನ್ನ ಕೂತು ಬರೀಬೇಕಿತ್ತು.

ಮೂರನೇದು ದೊಡ್ಡದು. ಕೂಲಿ ಕೊಡಿ ಅಂತ ಹೇಳೋಕೂ ಒಂದು ನೆಲೆ ಬೇಕು. ಆಲ್ಬಿನಿಗೆ ಕೈಯಲ್ಲಿ ವಿದ್ಯೆ ಇತ್ತು, ಹೆಸರಿತ್ತು, ಆಮೇಲೆ ಸ್ವಂತ ಕಟ್ಟಡವೂ ಆಯ್ತು. ಚಿಕ್ಕಪ್ಪನಿಗೆ ಅಂಗಡಿ ಇತ್ತು, ಹತ್ತು ಊರಿಗೆ ಅವರೊಬ್ಬರೇ. ಆದರೆ ಅದೇ ನಮ್ಮೂರಲ್ಲಿ ತಮಟೆ ಬಾರಿಸುವವರು ರೇಟು ಹೇಳೋ ಹಾಗಿರಲಿಲ್ಲ. ಹಬ್ಬ ಆಗಲಿ ಸಾವಾಗಲಿ, ಕರೆದಾಗ ಬರಬೇಕು, ಕೊಟ್ಟದ್ದು ತಗೋಬೇಕು. ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಎರಡು ಮೊರ ರಾಗಿ. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಾಳ ಗೊತ್ತಿದ್ದವರು ಅವರೇ, ಬೆಲೆ ಕಟ್ಟೋರು ಮಾತ್ರ ಬೇರೆಯವರು. ನಮ್ಮ ಮನೆಯ ಕಣದಲ್ಲೂ ಹಾಗೇ ನಡೀತಿತ್ತು, ನಾನೇ ನೋಡಿದೀನಿ. ಅಂಥವರಿಗೆ ಹೋಗಿ, ಪಾಲು ಕೇಳಬೇಡಿ ಕೂಲಿ ಕೇಳಿ ಅಂತ ನೀತಿ ಹೇಳಿದರೆ ಏನರ್ಥ? ಎರಡೂ ಕೇಳೋ ಹಾಗಿರಲಿಲ್ಲ. ಆಲ್ಬಿನಿಯ ನೀತಿ ಆಲ್ಬಿನಿಯಂಥವರಿಗೆ ಸರಿ. ಅದೂ ರೆಕಾರ್ಡ್ ಮಾಡುವವನಿಗೆ, ಹಾಡು ಕಟ್ಟಿದವನಿಗಲ್ಲ. ಹಾಡು ಕಟ್ಟಿದವನು ಹೊಲದ ಯಜಮಾನ. ಅವನು ಕೂಲಿ ತಗೊಂಡು ಹೋಗಿಬಿಟ್ಟರೆ ಹೊಲವೇ ಹೋಯ್ತು. ಆತನ ಕಾಗದವನ್ನ ಮೆಚ್ಚಿ ಹಂಚಿಕೊಳ್ಳೋ ಎಷ್ಟೋ ಜನ ಈ ವ್ಯತ್ಯಾಸ ಮರೀತಾರೆ. ಆತ ಮರೆತಿರಲಿಲ್ಲ, ಹಾಡು ನಿಮ್ಮದು ಅಂತ ಮೊದಲೇ ಬರೆದಿದ್ದನಲ್ಲ.

ಆಲ್ಬಿನಿ ಪೋಕರ್ ಆಟದಲ್ಲೂ ಗಟ್ಟಿಗ. ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 2018ರಲ್ಲಿ ಒಂದು, 2022ರಲ್ಲಿ ಒಂದು ಪಂದ್ಯ ಗೆದ್ದಿದ್ದ. ಅಂದರೆ ದುಡ್ಡಿನ ಮೇಲೆ ಪಣ ಕಟ್ಟಲು ಹೆದರುವವನಲ್ಲ. ಪಣ ಕಟ್ಟಿದರೆ ತನ್ನ ದುಡ್ಡಿನ ಮೇಲೆ ಕಟ್ಟಿದ, ಬೇರೆಯವರ ಹಾಡಿನ ಮೇಲೆ ಕಟ್ಟಲಿಲ್ಲ. 2024ರ ಮೇ 7ರಂದು ತನ್ನ ಸ್ಟುಡಿಯೋದಲ್ಲೇ ಹೃದಯಾಘಾತವಾಗಿ ಸತ್ತ. 61 ವರ್ಷ. ಹತ್ತು ದಿನಕ್ಕೆ ಶೆಲ್ಯಾಕ್‌ನ ಹೊಸ ಆಲ್ಬಮ್ಮು 'ಟು ಆಲ್ ಟ್ರೇನ್ಸ್' ಬಂತು, ಮೊದಲೇ ಗೊತ್ತು ಮಾಡಿದ್ದ ದಿನ.

ಈಗ ನಮ್ಮ ಹುಡುಗನ ಪಿಡಿಎಫ್‌ಗೆ ವಾಪಸ್. ಆಲ್ಬಿನಿ ಮಾಡಿದ ಹಾಗೆ ನಾನೂ ಒಂದು ಶೀಟು ಮಾಡಿದೆ. ಮುಂಗಡ ಇಷ್ಟು, ಅದರಲ್ಲಿ ವಿಡಿಯೋಗೆ ಇಷ್ಟು, ಸ್ಟುಡಿಯೋಗೆ ಇಷ್ಟು, ಇವರ ಪಾಲು ಇಷ್ಟು, ಮುರ್ಕೊಳ್ಳೋದು ಎಲ್ಲಿಂದ. ಒಂಬತ್ತನೇ ಪುಟದಲ್ಲಿ, ಈಗಿರುವ ಮತ್ತು ಮುಂದೆ ಐದು ವರ್ಷದಲ್ಲಿ ಕಟ್ಟುವ ಎಲ್ಲಾ ಹಾಡುಗಳ ಎಲ್ಲಾ ಹಕ್ಕು ಕಂಪನಿಯದ್ದು, ಶಾಶ್ವತವಾಗಿ ಅಂತಿತ್ತು. ಅದಕ್ಕೆ ಹಳದಿ ಬಣ್ಣ ಬಳಿದೆ. ಮಾರನೇ ದಿನ ಕ್ಯಾಂಟೀನಿನಲ್ಲಿ ಕೂತು ತೋರಿಸಿದೆ.

ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, 'ಇದೆಲ್ಲ ಕರೆಕ್ಟು ಸರ್. ಆದ್ರೆ ನಾವು ಬೇಡ ಅಂದ್ರೆ ಮತ್ತೆ ಯಾರು ಕೇಳ್ತಾರೆ?' ಅಂದ.

ಅದಕ್ಕೆ ನನ್ನ ಶೀಟಿನಲ್ಲಿ ಉತ್ತರ ಇರಲಿಲ್ಲ. ಆಲ್ಬಿನಿಯ ಲೇಖನದಲ್ಲೂ ಇಲ್ಲ. ನಾನು ಹೇಳಿದ್ದು ಎರಡೇ ಮಾತು. ಕೆಲಸ ಸದ್ಯಕ್ಕೆ ಬಿಡಬೇಡ. ಸಂಬಳ ಬರ್ತಿದ್ದರೆ 'ಬೇಡ' ಅನ್ನೋದು ಸುಲಭ, ಆಲ್ಬಿನಿ ಫೋಟೋ ತಿದ್ದುತ್ತಾ ಬ್ಯಾಂಡು ನಡೆಸಿದ್ದೂ ಹಾಗೇ. ಇನ್ನೊಂದು, ಒಂಬತ್ತನೇ ಪುಟ ತೆಗೆಸು, ಮಿಕ್ಕಿದ್ದು ಹೆಚ್ಚುಕಡಿಮೆ ಆದರೂ ಬದುಕ್ಕೋಬಹುದು.

ಹೋದ ವಾರ ಅವರು ಸಹಿ ಹಾಕಿದರು. 'ಶಾಶ್ವತ' ಹೋಗಿ ಹತ್ತು ವರ್ಷ ಆಗಿದೆ, ಮುಂದಿನ ಹಾಡುಗಳು ಹೋಗಿ ಈ ಆರು ಹಾಡುಗಳಷ್ಟೇ ಉಳಿದಿವೆ. ಪಾಲು ಮಾತ್ರ ಅಷ್ಟೇ ಇದೆ, ಮುರ್ಕೊಳ್ಳೋದೂ ಹಾಗೇ. ಇದು ಗೆದ್ದಂಗೋ ಸೋತಂಗೋ ನನಗೆ ಹೇಳೋಕಾಗಲ್ಲ. ಹುಡುಗ ಇನ್ನೂ ಟೆಸ್ಟಿಂಗ್ ಮಾಡ್ತಿದಾನೆ.

ಮೊನ್ನೆ ಊರಹಬ್ಬಕ್ಕೆ ಹೋಗಿದ್ದೆ. ಮೊದಲಿನ ತಮಟೆಯವರ ಮಗ ಈಗ ತಂಡ ಕಟ್ಟಿದಾನೆ, ಒಂದೇ ಬಣ್ಣದ ಟೀ ಶರ್ಟು, ಎಂಟು ಜನ. ಫೋನಿನಲ್ಲೇ ರೇಟು ಹೇಳ್ತಾನೆ, ಅರ್ಧ ಅಡ್ವಾನ್ಸು ಫೋನ್‌ಪೇಗೆ ಬಿದ್ದ ಮೇಲೇ ಗಾಡಿ ಹತ್ತೋದು. ಊರಿನ ಕೆಲವು ಹಿರಿಯರಿಗೆ ಇದು ಇನ್ನೂ ಅರಗಿಲ್ಲ. 'ಇವರಪ್ಪ ಎಷ್ಟು ಚೆನ್ನಾಗಿ ಬಡೀತಿದ್ದ, ಒಂದ್ ದಿನಾನೂ ಇಷ್ಟು ಕೊಡಿ ಅಂತ ಬಾಯ್ಬಿಟ್ಟು ಕೇಳಿದೋನಲ್ಲ' ಅಂತ ಜಗಲಿ ಮೇಲೆ ಒಬ್ಬರು ಗೊಣಗ್ತಿದ್ದರು. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು.

'ಕೇಳ್ಬೇಕಿತ್ತು' ಅಂದರು.